ಹಣೆಯ ಮೇಲೊಂದು ಲೇಯರ್

ಮನೆಯಲ್ಲೇ ಕೂತು ಡಿಸೈನ್ ಕೆಲಸ ಶುರು ಮಾಡಬೇಕು, ಯಾವ ಸಾಫ್ಟ್‌ವೇರ್ ಕಲಿಯಲಿ, ಎಂಥ ಕಂಪ್ಯೂಟರ್ ತಗೊಳ್ಳಲಿ ಅಂತ ಕೇಳಿಕೊಂಡು ಈಗಲೂ ಆಗೀಗ ಯಾರಾದರೂ ಹುಡುಗಿಯರು ನನ್ನ ಹತ್ತಿರ ಬರುತ್ತಾರೆ. ಪಾಪ, ಬರೆದುಕೊಳ್ಳಲು ಪುಸ್ತಕವನ್ನೂ ತಂದಿರುತ್ತಾರೆ. ನಾನು ಕಾಫಿ ಕೊಟ್ಟು, ಆ ಲೋಟದಲ್ಲಿರುವ ಬಣ್ಣ ಯಾವುದು ನೋಡಿ ಹೇಳು ಅನ್ನುತ್ತೇನೆ. ಕಂದು ಅನ್ನುತ್ತಾರೆ. ಇನ್ನೂ ಸ್ವಲ್ಪ ನೋಡು ಅನ್ನುತ್ತೇನೆ. ಮುದುಕಿಗೆ ಅರಳು ಮರಳು ಅಂದುಕೊಳ್ಳುತ್ತಾರೋ ಏನೋ, ಅಂದುಕೊಳ್ಳಲಿ ಬಿಡಿ. ಕೊಪ್ಪದ ಬಸ್ ಸ್ಟ್ಯಾಂಡ್ ಎದುರು, ಬಟ್ಟೆ ಅಂಗಡಿಯ ಮಹಡಿ ಮೇಲಿನ ಒಂದು ಕೋಣೆಯಲ್ಲಿ ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಬರೀ ನೋಡುವುದೇ ಆಗಿತ್ತು. ಮೌಸ್ ಹಿಡಿದಿದ್ದು ಉಳಿದ ಕಾಲು ಪಾಲು.

ನೋಡಿ ನೋಡಿ ಎಂಥ ರೋಗ ಹಿಡಿಯಿತೆಂದರೆ, ಬೆಳಿಗ್ಗೆ ಮಂಜು ಇಳಿದಿದ್ದರೆ 'ಕಪ್ಪು, ಶೇಕಡ ಆರು' ಅಂತ ಮನಸ್ಸು ತಾನಾಗಿ ಹೇಳುತ್ತಿತ್ತು. ಹಣ್ಣಡಿಕೆ ಕಂಡರೆ ಅದರಲ್ಲಿ ಹಳದಿಯೆಷ್ಟು ಕೆಂಪೆಷ್ಟು ಅಂತ ಯೋಚನೆ. ಒಮ್ಮೆ ಜಯಪುರಕ್ಕೆ ಹೋಗುವಾಗ ಬಸ್ಸಿನಲ್ಲಿ ಮುಂದಿನ ಸೀಟಿನವರ ಸೆರಗಿನ ಹಸಿರು ನೋಡುತ್ತಾ ಕೂತವಳು ಇಳಿಯುವ ಜಾಗ ದಾಟಿ ಎಲ್ಲಿಗೋ ಹೋಗಿಬಿಟ್ಟಿದ್ದೆ. ಕಂಡಕ್ಟರು ಚೆನ್ನಾಗಿ ಬೈದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಕೆಲಸ ಬಿಟ್ಟೆ. ಆದರೆ ಈಗಲೂ ಮಧ್ಯಾಹ್ನ ಊಟವಾಗಿ ಹಾಗೇ ಒರಗಿದರೆ ಕಣ್ಣೊಳಗೆ ಬಣ್ಣಗಳು ಒಂದರ ಮೇಲೊಂದು ತೇಲುತ್ತಾ ಬರುತ್ತವೆ. ಚೆನ್ನಾಗಿಯೇ ಇರುತ್ತದೆ.

ಕಂಪ್ಯೂಟರಿಗೆ ಬರುವ ಮೊದಲು ನಾನು ಅಚ್ಚುಮೊಳೆ ಜೋಡಿಸುವವಳು. ವೆಂಕಪ್ಪಯ್ಯ ಅಂತ ಒಬ್ಬರು ಕೊಪ್ಪದಲ್ಲಿ ಸಣ್ಣ ಪ್ರೆಸ್ ಇಟ್ಟಿದ್ದರು. ನನ್ನ ಜೀವನದಲ್ಲಿ ಮೇಲಧಿಕಾರಿ ಅಂತ ಇದ್ದವರು ಅವರೊಬ್ಬರೇ. ಮಹಾ ಸಿಡುಕ. ಸಾಲು ಸಾಲಾಗಿ ಅಕ್ಷರ ತುಂಬಿ ತೋರಿಸಿದರೆ, "ಎಂತ ಮಾರಾಯ್ತಿ, ಓದುವವನಿಗೆ ಉಸಿರು ಬಿಡಕ್ಕೆ ಜಾಗ ಇಡಲ್ವ?" ಅಂತ ಪೂರ್ತಿ ಬಿಚ್ಚಿಸುತ್ತಿದ್ದರು. ಅಚ್ಚುಮೊಳೆಯಲ್ಲಿ ಖಾಲಿ ಜಾಗ ತಾನಾಗಿ ಆಗುವುದಿಲ್ಲ, ಅಕ್ಷರವಿಲ್ಲದ ಸೀಸದ ತುಂಡುಗಳನ್ನು ಅಳತೆ ನೋಡಿ ಇಡಬೇಕು. ಬರೆದಿದ್ದಕ್ಕೆ ಎಷ್ಟು ಕೆಲಸವೋ ಬರೆಯದ ಜಾಗಕ್ಕೂ ಅಷ್ಟೇ ಕೆಲಸ. ಹೊಸಬರು ನಾಲ್ಕು ಮೂಲೆಗೂ ಹೂಬಳ್ಳಿ ತುಂಬಿಸಿ ತಂದು ತೋರಿಸಿದಾಗ ನಾನೂ ಅವರ ಹಾಗೇ ಗದರುತ್ತೇನೆ. ಅವರ ಪ್ರೆಸ್ ಮುಚ್ಚಿದ ವರ್ಷವೇ ನಾನು ಒಂದು ಹಳೇ ಕಂಪ್ಯೂಟರು, ಒಂದು ಸ್ಕ್ಯಾನರು ಇಟ್ಟುಕೊಂಡು ಸ್ವಂತ ಕೆಲಸ ಶುರು ಮಾಡಿದೆ. ಸ್ವಂತ ಕೆಲಸದಲ್ಲಿ ಮೇಲಧಿಕಾರಿ ಇರಲ್ಲ ಅಂತ ಖುಷಿಪಟ್ಟಿದ್ದೆ. ಮೆಟ್ಟಿಲು ಹತ್ತಿ ಬಂದವರೆಲ್ಲ ಮೇಲಧಿಕಾರಿಗಳೇ ಅಂತ ಆಮೇಲೆ ಗೊತ್ತಾಯಿತು.

ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಕಡೆ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದಕ್ಕೆ ನನ್ನ ಎಡಗೈ ಎರಡು ನಿಮಿಷಕ್ಕೊಮ್ಮೆ ಸೇವ್ ಒತ್ತುವುದು ಕಲಿತಿತ್ತು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಬೆರಳು ತಾನಾಗಿ ಆಡುತ್ತಿತ್ತು. ದೊಡ್ಡ ಕೆಲಸವಾದರೆ ಸಿಡಿಗೆ ಹಾಕಿ ಶಿವಮೊಗ್ಗದ ಬಸ್ಸಿನ ಡ್ರೈವರ್ ಕೈಲಿ ಕಳಿಸುವುದು, ಅಲ್ಲಿಯ ಪ್ರೆಸ್ಸಿನವರು ಬಂದು ಇಳಿಸಿಕೊಳ್ಳುವುದು. ಮೊದಲ ಸಲ ಕಳಿಸಿದ್ದು ನರಸಿಂಹರಾಜಪುರದ ಒಬ್ಬ ವ್ಯಾಪಾರಸ್ಥರ ಮನೆಯ ಗೃಹಪ್ರವೇಶದ ಕಾರ್ಡು. ನನ್ನಲ್ಲಿದ್ದ ಕನ್ನಡ ಫಾಂಟು ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ತೆರೆದರೆ ಕನ್ನಡವೆಲ್ಲ ಹೋಗಿ ಬರೀ ಚಿಹ್ನೆ, ಬಾಣ, ಸುಳಿ. ಫೋನು ಮಾಡಿ, ಇದು ಎಂಥ ಮಂತ್ರ ಬರೆದು ಕಳಿಸಿದ್ದೀರಿ ಅಂತ ನಕ್ಕರು. ನನಗೆ ಅಳು ಬಂತು. ಮಾರನೆಯ ಬಸ್ಸಿಗೆ ನಾನೇ ಹೋದೆ. ಅಕ್ಷರಗಳನ್ನೆಲ್ಲ ಚಿತ್ರವಾಗಿ ಬದಲಾಯಿಸಿ ಕಳಿಸಬೇಕು, ಆದರೆ ತಿದ್ದಲು ಬರುವ ಮೂಲ ಕಡತವನ್ನು ನಮ್ಮ ಹತ್ತಿರ ಬೇರೆ ಇಟ್ಟುಕೊಳ್ಳಬೇಕು ಅಂತ ಅಲ್ಲಿಯ ಆಪರೇಟರು ಹೇಳಿಕೊಟ್ಟರು. ಪುಣ್ಯಾತ್ಮರು.

ಜಯಪುರದ ಲಲಿತಮ್ಮ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದರು. ಅವರ ಬಾಟಲಿಗೆ ಲೇಬಲ್ ಮಾಡಿದೆ. ಪರದೆಯ ಮೇಲೆ ಆ ಮಾವಿನ ಹಸಿರು ನೋಡಿದರೆ ಹಲ್ಲು ಚುಳ್ ಅನ್ನಬೇಕು, ಹಾಗಿತ್ತು. ಅಚ್ಚಾಗಿ ಬಂದಿದ್ದು ಬಾವಿ ಕಟ್ಟೆಯ ಪಾಚಿಯ ಬಣ್ಣ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಶಾಯಿಯಿಂದ. ಈ ಎರಡಕ್ಕೂ ಇರುವ ವ್ಯತ್ಯಾಸ ನನಗೆ ಆವರೆಗೆ ಗೊತ್ತಿರಲಿಲ್ಲ. ಹೇಗೋ ಸರಿಮಾಡಿ ಮತ್ತೆ ಕೊಟ್ಟರೆ, ಲಲಿತಮ್ಮ ಎಣ್ಣೆ ಕೈಯಲ್ಲಿ ಬಾಟಲಿ ಹಿಡಿದು ನನ್ನೆದುರು ಇಟ್ಟರು. ಅವರ ಹೆಬ್ಬೆಟ್ಟಿನ ಜಾಗದಲ್ಲಿ ಕಾಗದ ಎಣ್ಣೆ ಕುಡಿದು, ಹೆಸರೇ ಮಸುಕಾಗಿತ್ತು. ಉಪ್ಪಿನಕಾಯಿ ಬಾಟಲಿಯನ್ನು ಒಣ ಕೈಯಲ್ಲಿ ಯಾರು ಮುಟ್ಟುತ್ತಾರೆ? ಅಂದಿನಿಂದ ಯಾವ ಲೇಬಲ್ ಆದರೂ ಮೊದಲು ಎಣ್ಣೆ ಸವರಿ, ಬಿಸಿಲಲ್ಲಿಟ್ಟು, ಆಮೇಲೆ ಕೊಡುತ್ತಿದ್ದೆ. ಮಾಡಿದ ವಸ್ತು ಯಾರ ಕೈಗೆ ಹೋಗುತ್ತದೆ, ಎಲ್ಲಿ ಇರುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಇದನ್ನು ನಾನು ಊರಿಗೆಲ್ಲ ಹೇಳುತ್ತಾ ತಿರುಗುತ್ತಿದ್ದೆ. ಕೇಳಲೇಬೇಕಾದ ಕಡೆ ನಾನೇ ಕೇಳಲಿಲ್ಲ. ಆ ಕತೆ ಹೇಳಬೇಕು ಅಂತಲೇ ಇಷ್ಟು ದೂರ ಬಂದಿದ್ದು.

ಆಗ ನನಗೆ ಹೆಚ್ಚು ಬರುತ್ತಿದ್ದ ಕೆಲಸವೆಂದರೆ ತೀರಿಹೋದವರ ಫೋಟೋ. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಒಂದು ದೊಡ್ಡ ಚಿತ್ರ, ಕಾರ್ಡಿನ ಮೇಲೆ ಒಂದು ಸಣ್ಣದು. ಗಂಡಸರದ್ದು ಹೇಗೋ ಸಿಗುತ್ತಿತ್ತು. ಹಳೆಯ ಕಾಲದ ಹೆಂಗಸರದ್ದು ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ, ಅದೂ ಅಡುಗೆಮನೆಯಿಂದ ಕರೆತಂದು ಕೊನೆಯಲ್ಲಿ ನಿಲ್ಲಿಸಿದ್ದು, ಉಗುರಿನಷ್ಟು ಮುಖ. ಅದನ್ನು ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, ಪಕ್ಕದವರ ತೋಳು ಅಳಿಸಿ, ಇಲ್ಲದ ಭುಜಕ್ಕೆ ಇನ್ನೊಬ್ಬರ ಭುಜ ತಂದು ಕೂಡಿಸುತ್ತಿದ್ದೆ. ಒಂದೊಂದು ಮುಖದ ಜೊತೆ ದಿನಗಟ್ಟಲೆ ಕೂರುತ್ತಿದ್ದೆ. ಜೀವಂತ ಇರುವಾಗ ನಾನು ಕಂಡೇ ಇರದ ಎಷ್ಟೋ ಹೆಂಗಸರ ಗಲ್ಲ, ಹುಬ್ಬು, ಕಣ್ಣ ಕೆಳಗಿನ ಗೆರೆ ಇವತ್ತೂ ನನಗೆ ಗೊತ್ತು. ಅವರು ನನ್ನ ನೆಂಟರೇ ಅನ್ನಿಸುತ್ತದೆ.

ಈ ಕೆಲಸದಲ್ಲಿ ಒಂದು ರೂಢಿ ಇತ್ತು. ಫೋಟೋ ತೆಗೆದಾಗ ಗಂಡ ಇದ್ದ ಕಾಲ, ಹಣೆಯಲ್ಲಿ ಕುಂಕುಮ ಇರುತ್ತಿತ್ತು. ತೀರಿಕೊಂಡಾಗ ಅವರು ವಿಧವೆ. ಮನೆಯವರು ಕುಂಕುಮ ತೆಗೆದುಬಿಡಿ ಅನ್ನುತ್ತಿದ್ದರು. ಅದಕ್ಕೊಂದು ಟೂಲ್ ಇದೆ, ಪಕ್ಕದ ಚರ್ಮವನ್ನೇ ಎತ್ತಿ ಬೇಡದ್ದರ ಮೇಲೆ ಮೆತ್ತುವುದು. ಮೂರು ಸಲ ಒತ್ತಿದರೆ ಹಣೆ ಬರಿದು. ಹೇಳಿಸಿಕೊಂಡು ಹೇಳಿಸಿಕೊಂಡು, ಕೊನೆಕೊನೆಗೆ ಯಾರೂ ಹೇಳದಿದ್ದರೂ ಕಾರ್ಡಿನ ಬರಹ ನೋಡಿ ನಾನೇ ತೆಗೆದಿಡುತ್ತಿದ್ದೆ. ಅವರಿಗೆ ಹೇಳುವ ಮುಜುಗರ ತಪ್ಪಲಿ ಅಂತ. ನನ್ನವರು ಹೋದಾಗ ನನ್ನ ಹಣೆಯದನ್ನೂ ಯಾರೋ ಒರೆಸಿದ್ದರು, ನನ್ನನ್ನು ಕೇಳಿರಲಿಲ್ಲ. ಅದಕ್ಕೇ ಕೇಳಬೇಕು ಅಂತ ನನಗೂ ತೋಚಲಿಲ್ಲವೋ ಏನೋ.

ಎರಡು ಸಾವಿರದ ಆರೋ ಏಳೋ ಇರಬೇಕು. ಶೃಂಗೇರಿ ಕಡೆಯ ಬೇಗಾರಿನಿಂದ ಶ್ರೀಪತಿರಾಯರು ಅಂತ ಹಿರಿಯರು ಬಂದರು. ಅವರ ತಮ್ಮನ ಹೆಂಡತಿ ಕಾವೇರಮ್ಮ ತೀರಿಕೊಂಡಿದ್ದರು. ಹತ್ತು ದಿನದ ಸೂತಕವಾದ್ದರಿಂದ ರಾಯರು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು, ನನ್ನ ಕೈ ತಾಗದ ಹಾಗೆ ಒಂದು ಕವರನ್ನು ಮೇಜಿನ ತುದಿಗೆ ಇಟ್ಟರು. ಅದರಲ್ಲಿ ಒಂದು ಮದುವೆಯ ಗ್ರೂಪ್ ಫೋಟೋ, ಅವರೇ ಬರೆದ ಕಾರ್ಡಿನ ಬರಹ. 'ದಿವಂಗತ ಸೂರ್ಯನಾರಾಯಣರಾಯರ ಧರ್ಮಪತ್ನಿ ಕಾವೇರಮ್ಮನವರು' ಅಂತ ಶುರುವಾಗುತ್ತಿತ್ತು. ಮುಖ ಸ್ಪಷ್ಟ ಬರಲಿ ಅಂದರು, ಅಷ್ಟೇ. ಹಣೆಯ ಮಾತೇ ಬರಲಿಲ್ಲ.

ಕೊನೆಯ ಸಾಲಿನ ತುದಿಯಲ್ಲಿ ಕಾವೇರಮ್ಮ ನಿಂತಿದ್ದರು. ಅಗಲ ಮುಖ, ಸ್ವಲ್ಪ ಹಟವಿರುವ ಗಲ್ಲ. ಹಣೆಯಲ್ಲಿ ಕುಂಕುಮ. ಗಂಡ ಇದ್ದಾಗಿನ ಫೋಟೋ ಅಂದುಕೊಂಡೆ. ಮೂರು ಸಲ ಒತ್ತಿದೆ. ಎಡಗೈ ಸೇವ್ ಮಾಡಿತು.

ಮಾರನೆಯ ದಿನ ನೋಡಿ ಒಪ್ಪಲು ಬಂದವಳು ಮಗಳು ವಸುಧಾ. ಶೃಂಗೇರಿಗೆ ಕೊಟ್ಟಿದ್ದ ಹುಡುಗಿ, ಅಲ್ಲೇ ಹೊಲಿಗೆ ಕಲಿಸುತ್ತಿದ್ದಳು. ಮದುವೆಯಾದ ಮಗಳಿಗೆ ಮೂರೇ ದಿನದ ಸೂತಕ, ಅದು ಕಳೆದಿತ್ತು. ಹಾಗಾಗಿ ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತಳು. ಪರದೆ ನೋಡಿದಳು. ಚೆನ್ನಾಗಿದೆ ಅನ್ನುತ್ತಾಳೆ ಅಂತ ನಾನು ಕಾಯುತ್ತಿದ್ದೆ.

"ಕುಂಕುಮ ಎಲ್ಲಿ ಇಂದಿರಕ್ಕ?" ಅಂದಳು.

ಅಪ್ಪ ಇಲ್ಲವಲ್ಲ, ಅದಕ್ಕೆ ತೆಗೆದೆ ಅಂದೆ. ಆಗ ಅವಳು ಹೇಳಿದ್ದು ಇದು. ಅವಳಿಗೆ ನಾಲ್ಕು ವರ್ಷವಿದ್ದಾಗ ಅಪ್ಪ ಒಂದು ಬೆಳಿಗ್ಗೆ ಕನ್ನಡಕ ಸರಿಮಾಡಿಸಿಕೊಂಡು ಬರುತ್ತೇನೆ ಅಂತ ಬಸ್ಸು ಹತ್ತಿದವರು ವಾಪಸು ಬರಲಿಲ್ಲ. ಹುಡುಕಿದರು, ಸಿಗಲಿಲ್ಲ. ಹನ್ನೆರಡು ವರ್ಷ ಕಾದು, ಶಾಸ್ತ್ರದಂತೆ ದರ್ಭೆಯಲ್ಲಿ ಮನುಷ್ಯನ ಆಕಾರ ಮಾಡಿ, ಹೊಳೆಯ ಬದಿಯಲ್ಲಿ ಸುಟ್ಟು, ಕ್ರಿಯೆ ಮುಗಿಸಿದರು. ಮಾಡಿದವರು ಅಣ್ಣನಾದ ಶ್ರೀಪತಿರಾಯರು. ವರ್ಷ ವರ್ಷ ತಿಥಿ ಮಾಡುವವರೂ ಅವರೇ. ಆದರೆ ಕಾವೇರಮ್ಮ ಕುಂಕುಮ ಅಳಿಸಲಿಲ್ಲ. ಆಮೇಲಿನ ಹದಿನಾರು ವರ್ಷವೂ ಬೆಳಿಗ್ಗೆ ಎದ್ದು ಹಣೆಗೆ ಇಟ್ಟೇ ಒಲೆ ಹಚ್ಚಿದರು. ಊರವರು ಅರಿಶಿನ ಕುಂಕುಮಕ್ಕೆ ಕರೆಯುವುದು ಬಿಟ್ಟರು, ಎದುರಿಗೆ ಬಂದರೆ ಆಚೆ ಸರಿದರು. ಆ ಫೋಟೋ ಮೂರು ವರ್ಷದ ಹಿಂದಿನದ್ದೇ ಆಗಿತ್ತು.

"ಎಷ್ಟು ಜನ ಎಷ್ಟು ವರ್ಷ ಹೇಳಿದ್ರು. ಬದುಕಿರೋ ತನಕ ಅಮ್ಮ ಯಾರಿಗೂ ಅದನ್ನ ಮುಟ್ಟಕ್ಕೆ ಬಿಡ್ಲಿಲ್ಲ" ಅಂದಳು ವಸುಧಾ. "ನೀವು ತೆಗೆದುಬಿಟ್ರಿ."

ಬೈದಿದ್ದರೆ ವಾಸಿಯಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವ ಗಾದೆ ನಾನೂ ಎಷ್ಟೋ ಸಲ ಆಡಿದ್ದೆ. ದೊಣ್ಣೆ ನನ್ನ ಕೈಲೇ ಇತ್ತು ಅಂತ ಆವತ್ತು ಗೊತ್ತಾಯಿತು. ನಾಚಿಕೆಯಿಂದ ಅವಳ ಮುಖ ನೋಡಲು ಆಗಲಿಲ್ಲ.

ಮತ್ತೆ ಸ್ಕ್ಯಾನ್ ಮಾಡಿದೆ. ಆದರೆ ಅಷ್ಟು ಸಣ್ಣ ಮುಖವನ್ನು ದೊಡ್ಡದು ಮಾಡಿದರೆ ಕುಂಕುಮ ಕಂದು ಕಲೆಯ ಹಾಗೆ ಹರಡಿಕೊಳ್ಳುತ್ತಿತ್ತು. ಕೆಂಪು ವೃತ್ತ ಬರೆದು ಇಟ್ಟರೆ ಸ್ಟಿಕ್ಕರ್ ಬೊಟ್ಟು ಅಂಟಿಸಿದ ಹಾಗೆ. ವಸುಧಾ ಪಾಪ, ಅಮ್ಮ ಹೇಗೆ ಇಡುತ್ತಿದ್ದರು ಅಂತ ಹೇಳಿದಳು. ಮೊದಲು ಮೇಣ ಸವರಿ, ಆಮೇಲೆ ಉಂಗುರ ಬೆರಳಲ್ಲಿ ಒಂದೇ ಸಲ ಒತ್ತುವುದು. ಕನ್ನಡಿ ನೋಡುವ ಅಭ್ಯಾಸ ಇಲ್ಲ, ಅಂದಾಜಿನ ಮೇಲೆ. ಹಾಗಾಗಿ ಒಂದು ಕೂದಲೆಳೆಯಷ್ಟು ಎಡಕ್ಕಿರುತ್ತಿತ್ತಂತೆ. ನಾನು ಎದ್ದು ದೇವರ ಪಟದ ಮುಂದಿದ್ದ ಕುಂಕುಮದ ಭರಣಿ ತಂದು ಅವಳ ಮುಂದಿಟ್ಟೆ, ಒಂದು ಬಿಳಿ ಹಾಳೆ ಇಟ್ಟೆ. ಅವಳಿಗೆ ಅರ್ಥವಾಯಿತು. ಬೆರಳು ಅದ್ದಿ ಹಾಳೆಯ ಮೇಲೆ ಒತ್ತಿದಳು. ಹತ್ತು ಹನ್ನೆರಡು ಸಲ ಒತ್ತಿದ ಮೇಲೆ ಒಂದನ್ನು ತೋರಿಸಿ, ಇದು ಅಮ್ಮಂದು ಅಂದಳು.

ಆ ಹಾಳೆಯನ್ನು ಸ್ಕ್ಯಾನ್ ಮಾಡಿ, ಆ ಒಂದು ಗುರುತನ್ನು ಬಿಡಿಸಿ ಹಣೆಯ ಮೇಲೆ ಬೇರೆಯೇ ಲೇಯರಾಗಿ ಇಟ್ಟೆ. ಲೇಯರ್ ಅಂದರೆ ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ಕೆಳಗಿನದನ್ನು ಕೆಡಿಸದೆ ಮೇಲಿನದನ್ನು ಇಡಬಹುದು, ತೆಗೆಯಬಹುದು. ಹಣೆಯ ಗೆರೆಗಳು ಕುಂಕುಮದ ಒಳಗಿಂದ ಕಾಣುವಷ್ಟು ಅದನ್ನು ಹದ ಮಾಡಿ, ಒಂದು ಕೂದಲೆಳೆ ಎಡಕ್ಕೆ ಸರಿಸಿದೆ. ಕಾವೇರಮ್ಮ ತಟ್ಟನೆ ನಮ್ಮಿಬ್ಬರನ್ನೂ ನೋಡಿದರು. ಹಾಗೇ ಅನ್ನಿಸಿತು, ಸುಳ್ಳಲ್ಲ. ವಸುಧಾ ಮುಖ ಮುಚ್ಚಿಕೊಂಡು ಅತ್ತಳು. ಸ್ವಲ್ಪ ಹೊತ್ತು ನಾವು ಮೂವರೂ ಆ ಕೋಣೆಯಲ್ಲಿ ಕೂತಿದ್ದೆವು, ಕೆಳಗೆ ಬಸ್ಸುಗಳು ಬರುತ್ತಾ ಹೋಗುತ್ತಾ ಇದ್ದವು.

ಹೊರಡುವಾಗ ಅವಳಿಗೆ ಭಯ ಶುರುವಾಯಿತು. ನಾಳೆ ದೊಡ್ಡಪ್ಪ ಬರುತ್ತಾರೆ, ಅವರು ಒಪ್ಪುವುದಿಲ್ಲ, ಕ್ರಿಯೆ ಮಾಡಿದವರೇ ಅವರು, ಅವರ ಎದುರು ಮಾತಾಡುವ ಧೈರ್ಯ ತನಗಿಲ್ಲ ಅಂದಳು. "ಈ ಫೋಟೋ ಗೋಡೆ ಮೇಲೆ ಇನ್ನು ಯಾವಾಗ್ಲೂ ಇರತ್ತೆ ಅಕ್ಕ. ಅಮ್ಮ ಹೀಗೇ ಇರ್ಲಿ."

ಕೆಲಸ ಒಪ್ಪಿಸಿದವರ ಮಾತೇ ಕೊನೆಯ ಮಾತು ಅನ್ನುವುದು ನಮ್ಮ ಕಸುಬಿನ ನಿಯಮ. ಕೆಲಸ ಒಪ್ಪಿಸಿದ್ದು ರಾಯರು. ಅವರು ಬೇಡ ಅಂದರೆ ಕಾವೇರಮ್ಮ ಜೀವಮಾನವಿಡೀ ಒಲ್ಲೆ ಅಂದ ವೇಷದಲ್ಲಿ ಗೋಡೆಯ ಮೇಲೆ ಕೂರಬೇಕು. ಹಾಗಂತ ರಾಯರಿಗೆ ಗೊತ್ತಾಗದ ಹಾಗೆ ಅಚ್ಚು ಹಾಕಿಸಿ ಕಳಿಸಿದರೆ ಮತ್ತೆ ಒಬ್ಬರನ್ನು ಕೇಳದೆ ಮಾಡಿದ ಹಾಗಾಯಿತು. ಮನೆಗೆ ಹೋಗಿ ಅನ್ನಕ್ಕಿಟ್ಟು ಅದು ತಳ ಹಿಡಿಯುವವರೆಗೂ ಇದೇ ಯೋಚನೆ. ಲೇಯರನ್ನು ಮಾತ್ರ ಕೆಳಗಿನದರ ಜೊತೆ ಕೂಡಿಸದೆ ಹಾಗೇ ಇಟ್ಟಿದ್ದೆ. ನೀವೂ ಹಾಗೇ ಇಡಿ, ಯಾರ ಮನಸ್ಸು ಎಲ್ಲಿ ತಿರುಗುತ್ತದೋ ಗೊತ್ತಿರುವುದಿಲ್ಲ.

ಮರುದಿನ ರಾಯರು ಬಂದು ಬಾಗಿಲಲ್ಲಿ ನಿಂತರು. ನಾನು ಮಾನಿಟರನ್ನು ಅವರ ಕಡೆ ತಿರುಗಿಸಿ, ನಡೆದಿದ್ದನ್ನೆಲ್ಲ ಹೇಳಿದೆ. ತೆಗೆದಿದ್ದು ನನ್ನ ತಪ್ಪು, ಇಟ್ಟಿದ್ದು ನಿಮ್ಮ ತಮ್ಮನ ಮಗಳ ಬೆರಳು ಅಂದೆ. ಲೇಯರಿನ ಪಕ್ಕ ಒಂದು ಸಣ್ಣ ಕಣ್ಣಿನ ಗುರುತು ಇರುತ್ತದೆ. ಅದನ್ನು ಒತ್ತಿದರೆ ಕುಂಕುಮ ಮಾಯ, ಮತ್ತೆ ಒತ್ತಿದರೆ ಪ್ರತ್ಯಕ್ಷ. ಎರಡನ್ನೂ ತೋರಿಸಿದೆ. ಇನ್ನೊಂದು ಸಲ ತೋರಿಸಿ ಅಂದರು. ತೋರಿಸಿದೆ. ಮತ್ತೂ ಒಂದು ಸಲ ಅಂದರು.

"ಇದಿದ್ರೆ ಅವನು ಇದ್ದಾನೆ ಅಂತ ಆಗತ್ತಲ್ಲಮ್ಮ" ಅಂದರು ಕೊನೆಗೆ.

ಅವರೇ ಮುಂದುವರಿಸಿದರು. ಅಂದು ದರ್ಭೆಯ ಆ ಆಕಾರವನ್ನು ಎತ್ತಿಕೊಂಡು ಹೊಳೆ ಕಡೆ ಹೊರಟಾಗ ಕಾವೇರಮ್ಮ ಬಾಗಿಲಲ್ಲಿ ನಿಂತು, 'ಭಾವ, ನೀವು ಕಣ್ಣಾರೆ ನೋಡಿದ್ರಾ?' ಅಂತ ಕೇಳಿದ್ದರಂತೆ. ಇವರು ತಲೆ ತಗ್ಗಿಸಿ ಹೊರಟು ಹೋದರಂತೆ. ಆಮೇಲೆ ಒಂದೇ ಮನೆಯಲ್ಲಿ ಹದಿನಾರು ವರ್ಷ ಇದ್ದರೂ ಇಬ್ಬರೂ ಆ ಮಾತು ಎತ್ತಲಿಲ್ಲ.

"ಇದೇ ಇರ್ಲಿ" ಅಂದರು ರಾಯರು. ಹೋಗಲು ತಿರುಗಿದವರು ಮತ್ತೆ ನಿಂತು, "ಕಾರ್ಡಲ್ಲಿ ತಮ್ಮನ ಹೆಸರಿನ ಹಿಂದೆ ದಿವಂಗತ ಅಂತ ಬರ್ಕೊಟ್ಟಿದ್ದೆ. ಅದನ್ನೂ ತೆಗೀರಿ."

ಕಾರ್ಡು ತೆರೆದು ಆ ಒಂದು ಪದ ಅಳಿಸಿದೆ. ಈಗ ಓದಿ ಅಂದರು. 'ಸೂರ್ಯನಾರಾಯಣರಾಯರ ಧರ್ಮಪತ್ನಿ ಕಾವೇರಮ್ಮನವರು' ಅಂತ ಓದಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಬರೋ ತಿಂಗಳು ಅವನ ತಿಥಿ ಬರತ್ತೆ ಇಂದಿರಮ್ಮ. ಮಾಡ್ಲಾ, ಬೇಡ್ವಾ?"

ಗೊತ್ತಿಲ್ಲ ರಾಯರೇ ಅಂದೆ. ಶೃಂಗೇರಿ ಬಸ್ಸಿಗೆ ಹೊತ್ತಾಯಿತು ಅಂತ ಅವರು ಮೆಟ್ಟಿಲು ಇಳಿದರು. ನಾನು ಮೇಲಿಂದ ನೋಡುತ್ತಾ ನಿಂತೆ. ಅವರ ಬಸ್ಸು ಬಂತು, ಆದರೆ ಅವರು ಹತ್ತಲಿಲ್ಲ. ಬಸ್ಸಿನ ಬಾಗಿಲ ಪಕ್ಕ ನಿಂತು, ಇಳಿಯುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು.